ಅಡುಗೆಯವರ ಪಿಸ್ತೂಲು

ಆ ಹರಾಜು ಮಳಿಗೆಯಲ್ಲಿ ಅವನಿಗೆ ಭೂತಗನ್ನಡಿ ಎಂದು ಹೆಸರು ಬಿದ್ದಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಹೆಸರು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಮಳಿಗೆಗೆ ಬರುವ ಹಳೆಯ ಗಡಿಯಾರ, ನಾಣ್ಯ, ಪಿಂಗಾಣಿಗಳನ್ನು ಬೇರೆಯವರು ನೋಡುತ್ತಿದ್ದರು. ಆಯುಧ ಬಂದರೆ ಮಾತ್ರ ಅವನೇ ನೋಡಬೇಕು. ಇಪ್ಪತ್ತೆಂಟು ವರ್ಷಗಳಿಂದ ಅದೊಂದೇ ಕೆಲಸ ಮಾಡಿಕೊಂಡು ಬಂದಿದ್ದ.

ಸೈನ್ಯದ ಹಳೆಯ ಪಿಸ್ತೂಲೊಂದು ಕೈಗೆ ಬಂದರೆ ಮೊದಲು ಒಳಗೆ ಗುಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಆಮೇಲೆ ಬಿಳಿ ಬಟ್ಟೆ ಹಾಸಿ, ಬಿಡಿಬಿಡಿಯಾಗಿ ಬಿಚ್ಚಿಟ್ಟು, ಪ್ರತಿ ಭಾಗದ ಮೇಲೂ ಕಾರ್ಖಾನೆಯವರು ಒತ್ತಿದ ಸಂಖ್ಯೆಯನ್ನು ಓದುತ್ತಿದ್ದ. ಎಲ್ಲ ಕಡೆ ಒಂದೇ ಸಂಖ್ಯೆ, ಒಂದೇ ಅಚ್ಚಿನ ಅಕ್ಷರ ಇದ್ದರೆ ವಸ್ತು ಹುಟ್ಟಿದ ಹಾಗೆಯೇ ಉಳಿದಿದೆ ಎಂದು ಅರ್ಥ. ಅಷ್ಟಾದ ಮೇಲೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವುದಕ್ಕೆ ಕಾಗದಪತ್ರ ನೋಡಬೇಕು. ಎರಡೂ ಸರಿಯಾಗಿದ್ದರೆ ಅವನು ಸಹಿ ಹಾಕುತ್ತಿದ್ದ. ಆ ಸಹಿ ಇದ್ದ ಕಾಗದಕ್ಕೆ ಎಲ್ಲಿ ಹೋದರೂ ಬೆಲೆಯಿತ್ತು.

ವರ್ಷಕ್ಕೊಮ್ಮೆ ಮಳಿಗೆಯವರು ಪುರಭವನದಲ್ಲಿ ಪರೀಕ್ಷೆಯ ದಿನ ಇಡುತ್ತಿದ್ದರು. ಯಾರು ಬೇಕಾದರೂ ಮನೆಯಲ್ಲಿರುವ ಹಳೆಯ ವಸ್ತು ತರಬಹುದು. ವೇದಿಕೆಯ ಮೇಲೆ ತಜ್ಞರು ಕೂತು ನೋಡಿ ಹೇಳುತ್ತಾರೆ. ಮೈಕು, ಕುರ್ಚಿಗಳ ಸಾಲು, ತಮಾಷೆ ನೋಡಲು ಬಂದ ಜನ ಎಲ್ಲ ಇರುತ್ತಿತ್ತು. ಭೂತಗನ್ನಡಿಗೆ ಆ ಮೈಕು ಬಹಳ ಇಷ್ಟ. ಜನ ನಕ್ಕರೆ ಅವನಿಗೆ ಇನ್ನಷ್ಟು ಮಾತು ಬರುತ್ತಿತ್ತು.

ಆ ವರ್ಷ ಸಾಲಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಬೀದಿಯವರಿಗೆಲ್ಲ ಆಕೆ ಎಕ್ಸ್‌ಚೇಂಜ್ ಅಕ್ಕ. ಶೂ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಡಬ್ಬಿಯೊಳಗೆ ಚರ್ಮದ ಒರೆ, ಒರೆಯೊಳಗೆ ಪಿಸ್ತೂಲು, ಪಕ್ಕದಲ್ಲಿ ಲೈಸೆನ್ಸಿನ ಕಾಗದ ಮತ್ತು ದಾರ ಕಟ್ಟಿದ ಒಂದು ಲಕೋಟೆ.

"ಇದು ನಮ್ಮಪ್ಪಂದು ಸರ್," ಎಂದಳು. "ಯುದ್ಧದಲ್ಲಿ ಸಿಕ್ಕಿದ್ದು. ಮಾಜಿ ಸೈನಿಕರ ಸಂಘದವರು ಅವರ ಮ್ಯೂಸಿಯಮ್ಮಿನಲ್ಲಿ ಇಡ್ತೀವಿ, ಆದ್ರೆ ಅಸಲಿ ಅಂತ ಒಂದು ಪ್ರಮಾಣಪತ್ರ ಬೇಕು ಅಂದ್ರು."

"ನಿಮ್ಮ ತಂದೆ ಸೈನ್ಯದಲ್ಲಿ ಏನಾಗಿದ್ರು?"

"ಅಡುಗೆ ಮಾಡ್ತಿದ್ರು ಸರ್."

ಸಭೆಯಲ್ಲಿ ಸಣ್ಣ ನಗೆ ಎದ್ದಿತು. ಅಕ್ಕನೂ ನಕ್ಕಳು. ಆ ನಗು ಆಕೆಗೆ ಹೊಸದಾಗಿರಲಿಲ್ಲ. ಮೂರನೆಯ ಸಾಲಿನಲ್ಲಿ ಆಕೆಯ ಅಣ್ಣ, ಅತ್ತಿಗೆ ಮತ್ತು ಅವರ ದೊಡ್ಡ ಮಕ್ಕಳಿಬ್ಬರು ಕೂತಿದ್ದರು. ಅಪ್ಪ ಬಾಯಿಬಡುಕ, ಯುದ್ಧದ ಕಥೆಯೆಲ್ಲ ಬರೀ ಬುರುಡೆ ಎಂದು ಅಣ್ಣ ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಇವತ್ತು ಇತ್ಯರ್ಥವಾಗಲಿ ಎಂದು ಆಕೆಯೇ ಅವರನ್ನು ಕರೆತಂದಿದ್ದಳು.

ಅವಸರವಿಲ್ಲದೆ ಕಥೆ ಹೇಳಿದಳು. ಚಳಿಗಾಲ. ಬೆಳಗಿನ ಹೊತ್ತು ಅಪ್ಪ ಅಡುಗೆಯ ಡೇರೆಯಲ್ಲಿ ಒಬ್ಬರೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಪರದೆ ಸರಿಸಿಕೊಂಡು ಶತ್ರುಗಳ ಕಡೆಯ ಅಧಿಕಾರಿಯೊಬ್ಬ ಒಳಗೆ ಬಂದ. ಬೂಟು ಹರಿದಿತ್ತು, ನಿಲ್ಲಲು ತ್ರಾಣವಿರಲಿಲ್ಲ. ಅಪ್ಪನ ಕೈಯಲ್ಲಿದ್ದದ್ದು ಸಿಪ್ಪೆ ತೆಗೆಯುವ ಚಾಕು ಮಾತ್ರ. ಆ ಮನುಷ್ಯ ಪಿಸ್ತೂಲು ತೆಗೆದ. ತೆಗೆದು ಸಿಪ್ಪೆಯ ರಾಶಿಯ ಮೇಲಿಟ್ಟು, ಗೋಣಿಚೀಲದ ಮೇಲೆ ಕುಸಿದು ಕೂತ. ಅಪ್ಪ ಅವನಿಗೆ ಬೆಂದ ಎರಡು ಆಲೂಗಡ್ಡೆ, ಉಪ್ಪು ಕೊಟ್ಟರು. ತಿಂದು ಮುಗಿಸುವವರೆಗೂ ಕಾದು, ಆಮೇಲೆ ಮೇಲಧಿಕಾರಿಯ ಹತ್ತಿರ ಕರೆದುಕೊಂಡು ಹೋದರು. ಪಿಸ್ತೂಲು ನೀನೇ ಇಟ್ಟುಕೋ ಎಂದು ಮೇಲಧಿಕಾರಿ ಚೀಟಿ ಬರೆದುಕೊಟ್ಟ.

"ಆ ಚೀಟಿ ಈ ಲಕೋಟೆಯಲ್ಲಿದೆ ಸರ್."

ಭೂತಗನ್ನಡಿ ಅಷ್ಟರಲ್ಲಿ ಪಿಸ್ತೂಲು ಬಿಚ್ಚಿಟ್ಟಿದ್ದ. ನಾಲ್ಕು ನಿಮಿಷವೂ ಆಗಿರಲಿಲ್ಲ. ಉಳಿದ ಭಾಗಗಳ ಸಂಖ್ಯೆ ಸರಿಯಾಗಿತ್ತು. ನಳಿಗೆಯ ಮೇಲೂ ಅದೇ ಸಂಖ್ಯೆ ಇತ್ತು, ಆದರೆ ಅಕ್ಷರದ ಅಚ್ಚು ಬೇರೆ. ಕೆಳಗಿನ ಲೋಹವನ್ನು ಅರದಿಂದ ಉಜ್ಜಿದ ಗುರುತಿತ್ತು. ಪಕ್ಕದಲ್ಲಿ ಎಳ್ಳಿನಷ್ಟು ಪುಟ್ಟ ತ್ರಿಕೋನ. ಇಂಥ ತ್ರಿಕೋನವನ್ನು ಅವನು ಹಿಂದೆ ಎರಡು ಸಲ ನೋಡಿದ್ದ. ಎರಡು ಸಲವೂ ಕಾಗದಪತ್ರವಿಲ್ಲದ, ಅನುಮಾನದ ಮಾಲಿನ ಮೇಲೆ. ನಕಲಿ ಮಾಡುವ ಯಾರೋ ಒಬ್ಬನ ಗುರುತು ಅದು ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಮೈಕು ಹತ್ತಿರಕ್ಕೆ ಎಳೆದುಕೊಂಡ.

"ಅಮ್ಮಾ, ನಳಿಗೆ ಬೇರೆ ಪಿಸ್ತೂಲಿಂದು. ಹಳೇ ಸಂಖ್ಯೆ ಉಜ್ಜಿ ಹಾಕಿ, ಇದಕ್ಕೆ ಹೊಂದೋ ಹಾಗೆ ಹೊಸದು ಒತ್ತಿದ್ದಾರೆ. ನಿಮ್ಮ ತಂದೆ ಅಡುಗೆಯವರು ಅಂದ್ರಿ ಅಲ್ವಾ? ಆ ಪಾತ್ರೇಲಿ ಉಳಿದಿದ್ದು, ಈ ಪಾತ್ರೇಲಿ ಉಳಿದಿದ್ದು ಒಟ್ಟಿಗೆ ಸುರಿದು ಬಿಸಿ ಮಾಡೋದು ಅವರಿಗೆ ಚೆನ್ನಾಗಿ ಬರ್ತಿತ್ತು ಅಂತ ಕಾಣತ್ತೆ. ಪಿಸ್ತೂಲೂ ಹಾಗೇ ಮಾಡಿದ್ದಾರೆ." ಒಂದು ಕ್ಷಣ ತಡೆದು ಸೇರಿಸಿದ: "ಕಥೇನೂ ಹಾಗೇ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಕ್ಕನ ಅಣ್ಣ ತೊಡೆ ತಟ್ಟಿಕೊಂಡು ನಕ್ಕ. ಆಕೆ ಮಾತ್ರ ಲಕೋಟೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಲಕೋಟೆ ನೋಡಲ್ವಾ ಸರ್?"

"ಕಬ್ಬಿಣವೇ ಬಾಯಿಬಿಟ್ಟು ಹೇಳಿದ ಮೇಲೆ ಕಾಗದ ಯಾಕಮ್ಮಾ?" ಎಂದು ಅವನು ಮುಂದಿನವರನ್ನು ಕರೆದ.

ಎರಡು ದಿನ ಬಿಟ್ಟು ಆಕೆಯ ವಿಳಾಸಕ್ಕೆ ವರದಿ ಹೋಯಿತು. ಬಿಡಿಭಾಗಗಳಿಂದ ಜೋಡಿಸಿದ ಆಯುಧ, ಪುರಾತನ ವಸ್ತುವಾಗಿ ಮಾನ್ಯತೆ ಇಲ್ಲ, ಮೂಲದ ಬಗ್ಗೆ ಹೇಳುವ ಕಥೆಗೆ ಆಧಾರವಿಲ್ಲ. ಕೆಳಗೆ ಅವನ ಸಹಿ. ಅಷ್ಟಕ್ಕೇ ಬಿಡಲಿಲ್ಲ. ಸಂಗ್ರಾಹಕರು ಓದುವ ಪತ್ರಿಕೆಗೆ 'ತ್ರಿಕೋನದ ಮೋಸ' ಎಂದೊಂದು ಲೇಖನ ಬರೆದು, ಆ ನಳಿಗೆಯ ಫೋಟೋವನ್ನು ದೊಡ್ಡದಾಗಿ ಹಾಕಿಸಿದ. ಹತ್ತಾರು ಮೆಚ್ಚುಗೆಯ ಪತ್ರಗಳು ಬಂದವು.

ಮೂರು ತಿಂಗಳಾದ ಮೇಲೆ ಬಂದ ಪತ್ರ ಬೇರೆ ಥರದ್ದು.

ದೂರದ ದೇಶದ ವಯಸ್ಸಾದ ಸಂಗ್ರಾಹಕರೊಬ್ಬರು ಬರೆದಿದ್ದರು. ತಮ್ಮ ಲೇಖನವನ್ನು ಆಸಕ್ತಿಯಿಂದ ಓದಿದೆ, ಇದು ತಮಗೆ ಉಪಯೋಗವಾದೀತು ಎಂದು ಎರಡೇ ಸಾಲು. ಜೊತೆಗೆ ಹಳೆಯ ದಫ್ತರವೊಂದರ ಹದಿನಾರು ಪುಟಗಳ ನಕಲು. ಅದು ಆ ಕಾಲದ ಶತ್ರು ಸೈನ್ಯದ ರಿಪೇರಿ ಕಾರ್ಯಾಗಾರದ ದಫ್ತರ. ಕೆಟ್ಟ ಪಿಸ್ತೂಲು ಬಂದರೆ ಅಲ್ಲಿಯವರು ನಳಿಗೆ ಬದಲಿಸಿ, ಹಳೆಯ ಸಂಖ್ಯೆ ಉಜ್ಜಿ, ಪಿಸ್ತೂಲಿನ ಸಂಖ್ಯೆಯನ್ನೇ ಅದರ ಮೇಲೆ ಒತ್ತುತ್ತಿದ್ದರು. ಕೆಲಸ ತಮ್ಮದೇ ಎನ್ನುವುದಕ್ಕೆ ಒಂದು ಪುಟ್ಟ ತ್ರಿಕೋನ. ಒಂಬತ್ತನೆಯ ಪುಟದ ಒಂದು ಸಾಲಿನ ಕೆಳಗೆ ಆ ಹಿರಿಯರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ಅದು ಅಕ್ಕನ ಪಿಸ್ತೂಲಿನ ಸಂಖ್ಯೆ. ನಳಿಗೆ ಬದಲಿಸಲಾಗಿದೆ. ಸರಬರಾಜು ವಿಭಾಗದ ಲೆಫ್ಟಿನೆಂಟ್ ಒಬ್ಬನಿಗೆ ಕೊಡಲಾಗಿದೆ. ಕೊನೆಯ ಅಂಕಣದಲ್ಲಿ ಬೇರೆ ಶಾಯಿಯಲ್ಲಿ: ಹಿಂದಿರುಗಿಲ್ಲ, ಹೊಂದಿದ್ದವರು ಸೆರೆಯಾಗಿದ್ದಾರೆ.

ಭೂತಗನ್ನಡಿಯ ಕಿವಿಗಳು ಬಿಸಿಯಾದವು. ಕೋಣೆಯಲ್ಲಿ ಒಬ್ಬನೇ ಇದ್ದರೂ ಯಾರಾದರೂ ನೋಡಿದರೋ ಎಂದು ಬಾಗಿಲ ಕಡೆ ತಿರುಗಿದ. ಪುಟಗಳನ್ನು ಮತ್ತೆ ಲಕೋಟೆಗೆ ಹಾಕಿ, ಮೇಜಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದ.

ಅಂದು ಮಂಗಳವಾರ. ಅಕ್ಕನ ಫೋನ್ ನಂಬರು ಅವನ ಕಡತದಲ್ಲೇ ಇತ್ತು.

ಮೊದಲ ದಿನ, ದಫ್ತರ ನಿಜವೋ ಸುಳ್ಳೋ ವಿಚಾರಿಸಿಯೇ ಹೇಳೋಣ ಎಂದುಕೊಂಡ. ಮೂರನೆಯ ದಿನ ವಿಚಾರಿಸಿದ್ದಾಯಿತು, ನಿಜವೇ ಎಂದು ಖಾತ್ರಿಯೂ ಆಯಿತು. ಆಗ ಮಳಿಗೆಯ ದೊಡ್ಡ ಆಯುಧ ಹರಾಜು ಹತ್ತಿರ ಬಂದಿದೆಯಲ್ಲ ಎಂದು ನೆನಪಾಯಿತು. ಅದರ ಪಟ್ಟಿಯ ಮೊದಲ ಪುಟದಲ್ಲೇ ಅವನ ಫೋಟೋ ಇತ್ತು. ಅದು ಮುಗಿಯಲಿ ಎಂದುಕೊಂಡ. ಮುಗಿಯಿತು. ಫೋನಿನಲ್ಲಿ ಹೇಳುವ ಮಾತಲ್ಲ, ಪತ್ರ ಬರೆಯೋಣ ಎಂದು ಮೂರು ಸಲ ಬರೆದು ಮೂರು ಸಲ ಹರಿದ. ಪ್ರತಿ ಸಲವೂ 'ಹೊಸದಾಗಿ ದೊರೆತ ಮಾಹಿತಿಯ ಬೆಳಕಿನಲ್ಲಿ' ಎಂದು ಶುರುವಾಗುತ್ತಿತ್ತು. ತಪ್ಪು ತನ್ನದು ಎನ್ನುವ ಮಾತು ಬರುವ ಹೊತ್ತಿಗೆ ಪೆನ್ನು ನಿಲ್ಲುತ್ತಿತ್ತು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು, ಯಾಕೆಂದರೆ ಈಗ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಬೇಕಿತ್ತು.

ಕೊನೆಗೆ ಅವನ ಬಾಯಿ ಬಿಡಿಸಿದ್ದು ಹೆಂಡತಿ. ಶಾಲೆಯಲ್ಲಿ ಭೂಗೋಳ ಕಲಿಸುವವಳು, ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ.

"ರೀ, ಮೂರು ವಾರದಿಂದ ನೋಡ್ತಿದ್ದೀನಿ. ತಟ್ಟೇಲಿ ಏನಿದೆ ಅಂತಾನೂ ನೋಡದೆ ತಿಂತಿದ್ದೀರಿ. ಏನಾಗಿದೆ?"

ಹೇಳಿದ. ಮೈಕಿನಲ್ಲಿ ಆಡಿದ ಮಾತನ್ನು ಬಿಟ್ಟು ಹೇಳಿದ. ಆಕೆ ಅದನ್ನೇ ಕೇಳಿದಳು.

"ಜನ ನಕ್ಕರು ಅಂದ್ರಲ್ಲ, ಯಾಕೆ ನಕ್ಕರು?"

ಅದನ್ನೂ ಹೇಳಬೇಕಾಯಿತು. ತನ್ನ ಬಾಯಿಂದಲೇ ಆ ಮಾತು ಎರಡನೆಯ ಸಲ ಬಂದಾಗ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

"ನಾನು ಪಾಠದಲ್ಲಿ ತಪ್ಪು ಹೇಳಿದ್ರೆ ಮಾರನೇ ದಿನ ಹೋಗಿ ಬೋರ್ಡ್ ಮೇಲೆ ಸರಿ ಮಾಡ್ತೀನಿ," ಎಂದಳು ಹೆಂಡತಿ. "ಮಕ್ಕಳು ನಗ್ತಾರೆ. ನಕ್ರೆ ನಗಲಿ."

"ಅದು ಬೇರೆ."

"ಹೌದು, ಬೇರೆ. ನಾನು ಯಾರ ಅಪ್ಪನ ಮಾನಾನೂ ತೆಗೆದಿರಲ್ಲ."

ಅಷ್ಟು ಹೇಳಿ ಆಕೆ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಮಾರನೆಯ ದಿನ ಗುರುವಾರ. ಅವನು ಮಧ್ಯಾಹ್ನ ರಜೆ ಹಾಕಿ ಹೊರಟ. ಪತ್ರ ಬಂದು ಇಪ್ಪತ್ತಮೂರು ದಿನಗಳಾಗಿದ್ದವು.

ಅಕ್ಕನ ಮನೆ ಮೂರನೆಯ ಮಹಡಿಯಲ್ಲಿತ್ತು. ನೆಲಮಹಡಿಯಲ್ಲಿ ದರ್ಜಿಯ ಅಂಗಡಿ, ಹೊಲಿಗೆ ಯಂತ್ರದ ಸದ್ದು ಮೆಟ್ಟಿಲಿನುದ್ದಕ್ಕೂ ಕೇಳುತ್ತಿತ್ತು. ಬಾಗಿಲು ತೆರೆದ ಅಕ್ಕನಿಗೆ ತಕ್ಷಣ ಗುರುತು ಸಿಕ್ಕಿತು. ಬನ್ನಿ ಎನ್ನಲು ಒಂದು ಗಳಿಗೆ ತಡವಾಯಿತು, ಆದರೂ ಬನ್ನಿ ಎಂದಳು. ಚಿಕ್ಕ ಕೋಣೆ, ಎರಡು ಬೆತ್ತದ ಕುರ್ಚಿ, ಮೂಲೆಯಲ್ಲಿ ಹಳೆಯ ಕಪ್ಪು ಟೆಲಿಫೋನು. ಗೋಡೆಯ ಮೇಲೆ ಒಂದು ಕಡೆ ಸುಣ್ಣದ ಬಣ್ಣ ಚೌಕಾಕಾರಕ್ಕೆ ಹೊಸದಾಗಿ ಕಾಣುತ್ತಿತ್ತು. ಬಹಳ ಕಾಲ ಅಲ್ಲಿದ್ದ ಫೋಟೋವನ್ನು ಈಚೆಗೆ ಯಾರೋ ತೆಗೆದಿದ್ದರು. ಯಾರ ಫೋಟೋ ಎಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಕೂತ. ದಫ್ತರದ ನಕಲು ತೆಗೆದು ಆಕೆಯ ಮುಂದಿಟ್ಟು, ಸಾಲು ತೋರಿಸಿ ಹೇಳಿದ. ತಪ್ಪಾಯಿತು ಎಂದ. ಪಿಸ್ತೂಲು ಅಸಲಿ, ನಿಮ್ಮ ತಂದೆ ಹೇಳಿದ್ದಕ್ಕೆ ಹೊಂದುವ ದಾಖಲೆಯೂ ಇದೆ ಎಂದ. ಅಕ್ಕ ಕನ್ನಡಕ ಹಾಕಿಕೊಂಡು ಆ ಒಂದೇ ಸಾಲನ್ನು ಬಹಳ ಹೊತ್ತು ಓದಿದಳು.

"ಸೆರೆಯಾಗಿದ್ದಾರೆ ಅಂತಿದೆ," ಎಂದಳು ಮೆಲ್ಲಗೆ.

"ಹೌದಮ್ಮಾ. ಪಿಸ್ತೂಲು ಕೊಡಿ. ಇವತ್ತೇ ಹೊಸ ಫೋಟೋ ತೆಗೆದು ಪ್ರಮಾಣಪತ್ರ ಬರ್ದುಕೊಡ್ತೀನಿ. ಸಂಘದವರ ಹತ್ರ ನಾನೇ ಮಾತಾಡ್ತೀನಿ."

"ಪಿಸ್ತೂಲಿಲ್ಲ ಸರ್."

ಅವನಿಗೆ ಅರ್ಥವಾಗಲಿಲ್ಲ.

"ಲೈಸೆನ್ಸ್ ಇದ್ದದ್ದು ಪುರಾತನ ವಸ್ತು ಅಂತ. ನವೀಕರಣಕ್ಕೆ ಹೋದಾಗ ನಿಮ್ಮ ವರದಿ ಕೇಳಿದ್ರು, ಕೊಟ್ಟೆ. ಪುರಾತನ ಅಲ್ಲ ಅಂದ್ಮೇಲೆ ಅದು ಬರೀ ಆಯುಧ, ಮನೇಲಿ ಇಟ್ಕೊಳ್ಳೋ ಹಾಗಿಲ್ಲ ಅಂದ್ರು. ಒಪ್ಪಿಸಿಬಿಟ್ಟೆ. ಅಲ್ಲಿ ಶುಕ್ರವಾರ ಶುಕ್ರವಾರ ಗ್ಯಾಸ್ ಕಟ್ಟರಲ್ಲಿ ಕತ್ತರಿಸ್ತಾರೆ. ನಾನು ಹೋಗಿದ್ದೂ ಶುಕ್ರವಾರಾನೇ. ನಿಂತು ನೋಡ್ದೆ. ಮೂರು ತುಂಡು ಮಾಡಿದ್ರು. ಒರೆ ಮಾತ್ರ ವಾಪಸ್ ಕೊಟ್ರು, ಚರ್ಮ ಅಲ್ವಾ."

ಎದ್ದು ಹೋಗಿ ರಸೀದಿ ತಂದು ತೋರಿಸಿದಳು. ಕಚೇರಿಯ ಮುದ್ರೆ, ಕೆಳಗೆ ತಾರೀಖು. ಅವನು ತಾರೀಖು ನೋಡಿದ. ದಫ್ತರ ಅವನ ಕೈಸೇರಿ ಹದಿನೇಳು ದಿನಗಳಾಗಿದ್ದವು. ಹದಿನೇಳು ದಿನ ಅದು ಅವನ ಖಾನೆಯಲ್ಲಿ ಬೀಗದೊಳಗಿತ್ತು. ಅಷ್ಟೂ ದಿನ ಪಿಸ್ತೂಲು ಈ ಮನೆಯಲ್ಲೇ ಇತ್ತು.

ಅಕ್ಕ ಅವನ ಮುಖ ನೋಡಿದಳು. ಬಿಳಿಚಿಕೊಂಡಿದ್ದಿರಬೇಕು. ನೀರು ತಂದುಕೊಟ್ಟಳು.

"ಹೋಗ್ಲಿ ಬಿಡಿ ಸರ್. ನಿಮಗಾದ್ರೂ ಏನು ಗೊತ್ತಿತ್ತು? ಒಂದು ವಾರ ಮುಂಚೆ ಗೊತ್ತಾಗಿದ್ರೆ ನೀವು ಓಡಿ ಬರ್ತಿದ್ರಿ. ಈಗ್ಲಾದ್ರೂ ಮೂರು ಮಹಡಿ ಹತ್ತಿ ಬಂದ್ರಲ್ಲ, ಬೇರೆ ಯಾರಾಗಿದ್ರೂ ಸುಮ್ಮನಿರ್ತಿದ್ರು."

ಅವನು ನೀರು ಕುಡಿದ. ತಲೆಯಾಡಿಸಿದ. ಹೌದು ಎಂದು ಆಡಿಸಿದನೋ ಅಲ್ಲ ಎಂದೋ ಅವನಿಗೇ ತಿಳಿಯಲಿಲ್ಲ. ಬರುತ್ತೇನಮ್ಮಾ ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ.

ದರ್ಜಿಯ ಅಂಗಡಿಯ ಮುಂದೆ ಬಂದವನು ಅಲ್ಲೇ ನಿಂತ. ದರ್ಜಿ ತಲೆಯೆತ್ತಿ, "ಅಳತೆ ಕೊಡಬೇಕಿತ್ತಾ ಸಾರ್?" ಎಂದು ಕೇಳಿದ. ಇಲ್ಲ ಎಂದ. ಬೀದಿಗೆ ಇಳಿದು ಬಸ್ಸು ಹತ್ತಿಬಿಟ್ಟರೆ ಇದು ಇಷ್ಟಕ್ಕೇ ಮುಗಿಯುತ್ತಿತ್ತು. ತಾರೀಖಿನ ವಿಷಯ ಅವನೊಬ್ಬನಿಗೆ ಮಾತ್ರ ಗೊತ್ತು. ಆಕೆ ಸಮಾಧಾನ ಮಾಡಿ ಕಳಿಸಿದ್ದಾಳೆ, ನೀರು ಕೊಟ್ಟಿದ್ದಾಳೆ. ಸಭೆಯಲ್ಲಿ ಆಕೆಯನ್ನು ಅವಮಾನ ಮಾಡಿದ್ದು ಬಾಯಿಚಪಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಈಗ ಆಕೆಯ ಒಳ್ಳೆಯ ಮಾತನ್ನು ಜೇಬಿಗೆ ಹಾಕಿಕೊಂಡು ಹೋದರೆ ಅದು ಕಳ್ಳತನ.

ಮತ್ತೆ ಮೆಟ್ಟಿಲು ಹತ್ತಿದ.

"ಏನಾದ್ರೂ ಮರೆತ್ರಾ ಸರ್?"

"ಈ ಕಾಗದ ನನಗೆ ಬಂದು ಇಪ್ಪತ್ತಮೂರು ದಿನ ಆಯ್ತಮ್ಮಾ," ಎಂದ. ಹೊಸ್ತಿಲ ಆಚೆಯೇ ನಿಂತು ಹೇಳಿದ. "ನಿಮ್ಮ ನಂಬರು ನನ್ನ ಹತ್ರ ಇತ್ತು. ನನ್ನ ಮರ್ಯಾದೆ ಹೋಗತ್ತೆ ಅಂತ ಸುಮ್ಮನಿದ್ದೆ. ನೀವು ಒಪ್ಪಿಸಿದ ದಿನ ನನಗೆ ಗೊತ್ತಿತ್ತು."

ಅಕ್ಕ ಬಾಗಿಲ ಚಿಲಕ ಹಿಡಿದುಕೊಂಡು ನಿಂತಿದ್ದಳು. ಮುಖದ ಮೇಲಿದ್ದ ಕನಿಕರ ಮೆಲ್ಲಮೆಲ್ಲಗೆ ಇಳಿದುಹೋಯಿತು. ಆಕೆ ಬೈದಿದ್ದರೆ, ಬಾಗಿಲು ಹಾಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಇಪ್ಪತ್ತಮೂರು," ಎಂದಳು ಕೊನೆಗೆ. ಆಮೇಲೆ, "ಒಳಗೆ ಬನ್ನಿ. ಅಮ್ಮ ಇದ್ದಾರೆ. ಅವರಿಗೆ ನೀವೇ ಹೇಳಿ."

ಆಕೆಗೆ ತಾಯಿ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಒಳಗಿನ ಕೋಣೆಯ ಕಿಟಕಿಯ ಹತ್ತಿರ ಮಂಚದ ಮೇಲೆ ತೊಂಬತ್ತರ ಅಜ್ಜಿ ಕಾಲು ನೀಡಿಕೊಂಡು ಕೂತಿದ್ದರು. ಮಡಿಲಲ್ಲಿ ಉಲ್ಲನ್ನಿನ ಉಂಡೆ. ಕೈ ಚುರುಕಾಗಿತ್ತು, ಕಣ್ಣೂ ಚುರುಕಾಗಿತ್ತು.

"ಅಮ್ಮನಿಗೆ ಕಿವಿ ದೂರ," ಎಂದಳು ಅಕ್ಕ. "ಜೋರಾಗಿ ಹೇಳ್ಬೇಕು. ಆವತ್ತು ಪುರಭವನದಿಂದ ಬಂದು ನಾನೂ ಹಾಗೇ ಕೂಗಿ ಹೇಳಿದ್ದೆ, ಅಪ್ಪ ಹೇಳಿದ್ದು ಸುಳ್ಳಂತೆ ಅಂತ. ಅವತ್ತಿಂದ ಅವರು ಅಪ್ಪನ ಹೆಸರು ಎತ್ತಿಲ್ಲ. ಗೋಡೆ ಮೇಲಿದ್ದ ಅಪ್ಪನ ಫೋಟೋ ಕೆಳಗಿಳಿಸಿದ್ದೂ ಅವರು ಹೇಳಿದ್ದಕ್ಕೇ."

ಅವನು ಅಜ್ಜಿಯ ಹತ್ತಿರ ಬಾಗಿದ.

"ಅಮ್ಮಾ, ಪಿಸ್ತೂಲಿನ ವಿಷಯದಲ್ಲಿ ನನ್ನಿಂದ ತಪ್ಪಾಯ್ತು."

"ಆಂ?"

"ತಪ್ಪಾಯ್ತು ಅಂದೆ!"

"ಏನು ಬಿತ್ತು?"

"ತಪ್ಪು! ತಪ್ಪು ಮಾಡಿದೆ! ನಾನು!" ಅವನ ದನಿ ಮನೆಯನ್ನೆಲ್ಲ ತುಂಬಿ ಕಿಟಕಿಯಿಂದ ಆಚೆ ಹೋಯಿತು. "ನಿಮ್ಮ ಯಜಮಾನರು ಹೇಳಿದ್ದು ನಿಜ! ಪಿಸ್ತೂಲು ಅಸಲಿ! ನಾನು ಸರಿಯಾಗಿ ನೋಡಲಿಲ್ಲ!"

ಕೆಳಗೆ ಹೊಲಿಗೆ ಯಂತ್ರ ನಿಂತಿತು. ಎದುರು ಮನೆಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಅವನು ಬೆವರಿದ್ದ. ಮೈಕಿಲ್ಲದೆ ಇಷ್ಟು ಜೋರಾಗಿ ಅವನು ಜೀವನದಲ್ಲಿ ಮಾತಾಡಿರಲಿಲ್ಲ.

ಅಜ್ಜಿ ಮಗಳ ಕಡೆ ನೋಡಿದರು. ಮಗಳು ಹೌದೆಂದು ತಲೆಯಾಡಿಸಿದಳು.

"ನಿಜಾನಾ?" ಎಂದರು ಅಜ್ಜಿ. "ಆಲೂಗಡ್ಡೆದು?"

"ನಿಜ ಅಮ್ಮಾ!"

ಅಜ್ಜಿ ಉಲ್ಲನ್ನಿನ ಉಂಡೆಯನ್ನು ಪಕ್ಕಕ್ಕಿಟ್ಟರು. "ಅವರು ಬೇಕಾದಷ್ಟು ಸುಳ್ಳು ಹೇಳೋರಪ್ಪಾ. ಸಾಲ ಇಲ್ಲ ಅನ್ನೋರು, ಇರ್ತಿತ್ತು. ಸಿಗರೇಟು ಬಿಟ್ಟೆ ಅನ್ನೋರು, ಸೇದ್ತಿದ್ರು. ಎಲ್ಲಾ ನನಗೆ ಗೊತ್ತಾಗ್ತಿತ್ತು. ಇದೊಂದು ಮಾತ್ರ ನಿಜ ಅಂತ ನಂಬಿದ್ದೆ. ಇದೂ ಸುಳ್ಳು ಅಂದಾಗ ಬಾಳೆಲ್ಲಾ ಪೆದ್ದಿ ಆಗಿದ್ನಾ ಅನ್ನಿಸ್ತು." ಆಮೇಲೆ ಕೇಳಿದರು: "ಹಾಗಾದ್ರೆ ನಾಲ್ಕು ತಿಂಗಳು ಅವರ ಮೇಲೆ ಸುಮ್ಮಸುಮ್ಮನೆ ಕೋಪ ಮಾಡ್ಕೊಂಡಿದ್ನಾ ನಾನು?"

ಅವನು ತಲೆ ತಗ್ಗಿಸಿ ನಿಂತ.

"ಪಿಸ್ತೂಲು ಎಲ್ಲಿ?" ಎಂದು ಅಜ್ಜಿ ಮಗಳನ್ನು ಕೇಳಿದರು.

ಅಕ್ಕ ಅವನ ಕಡೆ ನೋಡಿದಳು. ಅದನ್ನೂ ಅವನೇ ಹೇಳಿದ. ಇಪ್ಪತ್ತಮೂರು ದಿನಗಳ ಲೆಕ್ಕವನ್ನೂ ಹೇಳಿದ, ಎರಡೆರಡು ಸಲ ಕೂಗಿ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಹೆದರಿದ್ಯಾ?" ಎಂದು ಮಾತ್ರ ಕೇಳಿದರು. ಹೂಂ ಎಂದ. ಅಜ್ಜಿ ಮತ್ತೆ ಉಲ್ಲನ್ನು ಎತ್ತಿಕೊಂಡರು. ಅವನ ಕಡೆ ತಿರುಗಿ ನೋಡಲಿಲ್ಲ.

ಹೊರಡುವಾಗ ಅಕ್ಕ ದಾರ ಕಟ್ಟಿದ ಲಕೋಟೆಯನ್ನು ಅವನ ಕೈಗಿಟ್ಟಳು. "ಇದ್ದಿದ್ದು ಇದ್ದ ಹಾಗೆ ಬರ್ಕೊಡಿ. ಪಿಸ್ತೂಲು ಇಲ್ಲದಿದ್ರೂ ಪರವಾಗಿಲ್ಲ. ಯಾಕಿಲ್ಲ ಅನ್ನೋದೂ ಅದರಲ್ಲಿ ಇರಲಿ."

ಲಕೋಟೆಯೊಳಗೆ ಮೂರೇ ವಸ್ತುಗಳಿದ್ದವು. ಅಪ್ಪನ ಸೈನ್ಯದ ಸಂಬಳದ ಪುಸ್ತಕ, ಡೇರೆಯ ಮುಂದೆ ನಿಂತ ನಾಲ್ಕೈದು ಜನರ ಮಸುಕಾದ ಫೋಟೋ, ಮಡಿಕೆಯಲ್ಲಿ ಹರಿಯುತ್ತ ಬಂದಿದ್ದ ಚೀಟಿ. ಚೀಟಿಯಲ್ಲಿ ಮೇಲಧಿಕಾರಿ ಪಿಸ್ತೂಲಿನ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದಿದ್ದ. ಸೆರೆಯಾದವನು ಸರಬರಾಜು ವಿಭಾಗದ ಲೆಫ್ಟಿನೆಂಟ್ ಎಂದೂ ಬರೆದಿದ್ದ. ದಫ್ತರದ ಸಾಲಿಗೂ ಈ ಚೀಟಿಗೂ ಎಲ್ಲಿಯೂ ವ್ಯತ್ಯಾಸವಿರಲಿಲ್ಲ. ಆವತ್ತು ವೇದಿಕೆಯ ಮೇಲೆ ದಾರ ಬಿಚ್ಚಿದ್ದರೆ ಎರಡು ನಿಮಿಷದ ಕೆಲಸ. ನಳಿಗೆ ಅನುಮಾನಾಸ್ಪದ, ಕಾಗದ ಬಲವಾಗಿದೆ, ಇನ್ನಷ್ಟು ವಿಚಾರಿಸಬೇಕು ಎಂದು ಕಲಿಯುವವನೂ ಬರೆಯುತ್ತಿದ್ದ.

ಪತ್ರಿಕೆಗೆ ಬರೆದು ಲೇಖನ ಹಿಂತೆಗೆದುಕೊಂಡ. ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು. ಮೆಚ್ಚಿ ಪತ್ರ ಬರೆದಿದ್ದವರಲ್ಲಿ ಇಬ್ಬರು ಚುಚ್ಚಿ ಬರೆದರು. ಅಕ್ಕನ ಅಣ್ಣನಿಗೆ ಫೋನ್ ಮಾಡಿ ಹೇಳಿದಾಗ ಆತ, "ಈಗ ಯಾಕೆ ಸರ್ ಅದೆಲ್ಲಾ, ಆಗಿದ್ದು ಆಗೋಯ್ತು," ಎಂದು ಮಾತು ಕತ್ತರಿಸಿದ. ತಂಗಿಗೆ ಮುಖ ತೋರಿಸಲು ಆತನಿಗೂ ನಾಚಿಕೆಯಾಗಿತ್ತೋ ಏನೋ. ಮಳಿಗೆಯ ಮಾಲೀಕರು ಮಾತ್ರ ರೇಗಲಿಲ್ಲ. ಇನ್ನು ಮುಂದೆ ಆಯುಧಗಳಿಗೆ ಇಬ್ಬರ ಸಹಿ ಇರಲಿ ಎಂದರು. ಆ ಎರಡನೆಯ ಸಹಿಗೆ ಅವನ ಕೈಕೆಳಗೆ ಕಲಿತವಳನ್ನೇ ನೇಮಿಸಿದರು. ಅವಳು ಅವನ ಕಾಗದಗಳನ್ನು ಅವನ ಮುಂದೆಯೇ ಒಂದೊಂದು ಸಾಲೂ ಓದುತ್ತಿದ್ದಳು. ಅವನು ಸುಮ್ಮನೆ ಕಾಯುತ್ತಿದ್ದ.

ಇಲ್ಲದ ಪಿಸ್ತೂಲಿನ ದಾಖಲೆ ಬರೆಯಲು ಅವನಿಗೆ ಹತ್ತು ದಿನ ಹಿಡಿಯಿತು. ಪರೀಕ್ಷೆಯ ದಿನ ತೆಗೆದ ಫೋಟೋಗಳು, ದಫ್ತರದ ಪುಟ, ಚೀಟಿಯ ನಕಲು, ಒರೆಯ ಅಳತೆ ಎಲ್ಲ ಸೇರಿ ಆರು ಪುಟ. ಕೊನೆಯ ಪುಟದಲ್ಲಿ ಎರಡು ತಾರೀಖುಗಳನ್ನು ಬರೆದ: ದಫ್ತರ ತನ್ನ ಕೈಸೇರಿದ ದಿನ, ಪಿಸ್ತೂಲು ತುಂಡಾದ ದಿನ. ನಡುವೆ ತಾನು ಏನೂ ಮಾಡಲಿಲ್ಲ ಎಂದೂ ಬರೆದು, ಸಹಿ ಹಾಕಿ, ಎರಡನೆಯ ಸಹಿ ಪಡೆದು ಅಂಚೆಯಲ್ಲಿ ಕಳಿಸಿದ. ಕೈಯಾರೆ ಕೊಡಲು ಹೋಗುವ ಧೈರ್ಯ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಫೋನು ಬಂತು. ಅಕ್ಕನ ದನಿ ಎಕ್ಸ್‌ಚೇಂಜಿನಲ್ಲಿ ಕೂತು ಮಾತಾಡಿದ ಹಾಗೆ ಚೊಕ್ಕವಾಗಿತ್ತು.

"ಎರಡನೇ ಪುಟ, ಏಳನೇ ಸಾಲು. 'ಮುಖ್ಯ ಅಡುಗೆಯವರು' ಅಂತ ಬರ್ದಿದ್ದೀರಿ. ಅಪ್ಪ ಮುಖ್ಯ ಅಡುಗೆಯವರಲ್ಲ. ಸಹಾಯಕರು. ಸಂಬಳದ ಪುಸ್ತಕದಲ್ಲಿದೆ, ನೋಡಿ."

ಪುಸ್ತಕದಲ್ಲಿ ಹಾಗೇ ಇತ್ತು. ಅವನು ಅದನ್ನು ಓದಿದ್ದ. ಬರೆಯುವಾಗ ಮಾತ್ರ, ಋಣ ತೀರಿಸುವವನ ಹಾಗೆ, ಕೈ ಒಂದು ಮೆಟ್ಟಿಲು ಏರಿಸಿಬಿಟ್ಟಿತ್ತು.

"ತಿದ್ದಿ ಕಳಿಸ್ತೀನಮ್ಮಾ."

"ಸಂಘದವರು ಒರೆ ಜೊತೆ ಇದನ್ನೂ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಸರಿಯಾಗಿರ್ಬೇಕು," ಎಂದು ಆಕೆ ಫೋನಿಟ್ಟಳು.

ಅವನು ಎರಡನೆಯ ಪುಟ ತಿದ್ದಿದ. ಆಮೇಲೆ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಮೊದಲ ಸಾಲಿನಿಂದ ಮತ್ತೆ ಹೊಂದಿಸಿ ನೋಡತೊಡಗಿದ. ಐದನೆಯ ಪುಟದಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಚೀಟಿಯ ತಾರೀಖು ಹನ್ನೊಂದು, ಅವನು ಹದಿನೇಳು ಎಂದು ಓದಿಕೊಂಡಿದ್ದ. ಅಕ್ಕ ಅದನ್ನು ಗಮನಿಸಿರಲಿಲ್ಲ. ಬೇರೆ ಯಾರೂ ಗಮನಿಸುವಂಥದ್ದೂ ಅಲ್ಲ, ಹೇಗಿದ್ದರೂ ತಿದ್ದಿದ ಎರಡನೆಯ ಪುಟದ ಜೊತೆ ಇದನ್ನೂ ಸದ್ದಿಲ್ಲದೆ ಬದಲಿಸಿ ಕಳಿಸಬಹುದಿತ್ತು. ಮುಖ ಬಿಸಿಯಾಯಿತು. ಅವನು ಪೆನ್ನು ಕೆಳಗಿಟ್ಟು ಫೋನು ತೆಗೆದುಕೊಂಡ.

"ಅಮ್ಮಾ, ನಾನೇ. ಇನ್ನೊಂದು ತಪ್ಪು ಸಿಕ್ಕಿದೆ. ಈಗ ತಾನೇ."

ಆ ಕಡೆಯಿಂದ ಕಾಗದ ಸರಿಸುವ ಸದ್ದು ಕೇಳಿಸಿತು.

"ಹೇಳಿ, ಬರ್ಕೊಳ್ತೀನಿ," ಎಂದಳು ಅಕ್ಕ. "ಯಾವ ಪುಟ?"